ಹೆಕ್ಸ್‌ಚಾಟ್: ಲಿನಕ್ಸ್ ಮತ್ತು ಬಿಎಸ್‌ಡಿಯಲ್ಲಿ ಐಆರ್‌ಸಿ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಓದುವ ಮುನ್ನ ಎರಡು ಮಾತು. ಆಜ್ಞೆ, ಮೆನು, ಕಡತಗಳ ಹೆಸರುಗಳನ್ನೆಲ್ಲ ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ನೀವು ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಓರೆಗೆರೆ, ಹ್ಯಾಶ್, ಪ್ಲಸ್, ಚುಕ್ಕಿ ಮುಂತಾದ ಚಿಹ್ನೆಗಳು ಮಾತ್ರ ಇದ್ದ ಹಾಗೇ. ಎರಡನೆಯದು, ಹೆಕ್ಸ್‌ಚಾಟ್ ತೆರೆದಾಗ ಎಡಗಡೆಯ ಪಟ್ಟಿಯಲ್ಲಿ ನೆಟ್‌ವರ್ಕಿನ ಹೆಸರಿನದೇ ಒಂದು ಟ್ಯಾಬ್ ಇರುತ್ತದೆ. ಸರ್ವರ್ ಹೇಳುವ ಮಾತೆಲ್ಲ ಬಂದು ಬೀಳುವುದು ಅಲ್ಲಿ. ಏನೇ ಕೆಟ್ಟರೂ ಮೊದಲು ಆ ಟ್ಯಾಬನ್ನು ಓದಿ. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅಲ್ಲೇ ಬರೆದಿರುತ್ತದೆ.

### ಹೆಕ್ಸ್‌ಚಾಟ್ ಅಂದರೆ ಏನು? ಐಆರ್‌ಸಿಯನ್ನು ಈಗಲೂ ಯಾರಾದರೂ ಬಳಸುತ್ತಾರೆಯೇ?

ಐಆರ್‌ಸಿ 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕ್ಕೊ ಓಯ್ಕರಿನೆನ್ ಬರೆದ ಗುಂಪು ಮಾತುಕತೆಯ ವ್ಯವಸ್ಥೆ. ಮುಕ್ತ ತಂತ್ರಾಂಶ ಯೋಜನೆಗಳ ಅನೇಕ ಸಹಾಯ ಚಾನೆಲ್‌ಗಳು, ಅಂದರೆ ಮಾತಿನ ಕೋಣೆಗಳು, ಇಂದಿಗೂ ಇಲ್ಲೇ ನಡೆಯುತ್ತವೆ. ಲಿಬೆರಾ.ಚಾಟ್ ಮತ್ತು ಓಎಫ್‌ಟಿಸಿ ಇವುಗಳಲ್ಲಿ ಮುಖ್ಯವಾದ ಎರಡು ನೆಟ್‌ವರ್ಕ್‌ಗಳು. ಡೆಬಿಯನ್ ಕುರಿತು ಕೇಳುವುದಿದ್ದರೆ ಓಎಫ್‌ಟಿಸಿಗೆ ಹೋಗಿ.

ಹೆಕ್ಸ್‌ಚಾಟ್ ಈ ನೆಟ್‌ವರ್ಕ್‌ಗಳಿಗೆ ಹೋಗಿ ಸೇರುವ ಕಿಟಕಿ. ಹಳೆಯ ಎಕ್ಸ್‌ಚಾಟ್‌ನ ಕೊನೆಯ ಆವೃತ್ತಿ 2.8.8, 2010ರದು. ಅದರ ಕೋಡಿನಿಂದ ಕವಲೊಡೆದು ಬಂದದ್ದೇ ಹೆಕ್ಸ್‌ಚಾಟ್.

### ಅದರ ಕೆಲಸ ನಿಂತುಹೋಗಿದೆಯಂತೆ. ಈಗ ಹಾಕಿಕೊಳ್ಳುವುದು ಸರಿಯೇ?

ನಿಂತಿರುವುದು ನಿಜ. 2024ರ ಫೆಬ್ರವರಿಯಲ್ಲಿ ಬಂದ 2.16.2 ಕೊನೆಯ ಬಿಡುಗಡೆ ಎಂದು ಅದನ್ನು ನೋಡಿಕೊಳ್ಳುತ್ತಿದ್ದವರೇ ಪ್ರಕಟಿಸಿದ್ದಾರೆ. ಐಆರ್‌ಸಿಯ ಭಾಷೆ ಮೆಲ್ಲಗೆ ಬದಲಾಗುವಂಥದ್ದಾದ್ದರಿಂದ ಇದು ನಾಳೆಯೇ ಕೆಲಸ ಮಾಡುವುದನ್ನು ನಿಲ್ಲಿಸುವುದಿಲ್ಲ. ಆದರೆ ಎರಡು ಮಾತು ನೆನಪಿರಲಿ. ಭದ್ರತೆಯ ದೋಷ ಸಿಕ್ಕರೆ ತಿದ್ದುವವರು ನಿಮ್ಮ ಡಿಸ್ಟ್ರೊದವರು ಮಾತ್ರ, ಅವರೂ ಕೈಬಿಟ್ಟರೆ ಯಾರೂ ಇಲ್ಲ. ಇನ್ನೊಂದು, ಇದು ಕಿಟಕಿ, ಗುಂಡಿಗಳನ್ನು ಮೂಡಿಸುವ ಜಿಟಿಕೆ 2 ಎಂಬ ಹಳೆಯ ಲೈಬ್ರರಿಯ ಮೇಲೆ ಕಟ್ಟಿದ್ದು. ಡಿಸ್ಟ್ರೊಗಳು ಜಿಟಿಕೆ 2 ಅನ್ನು ಒಂದೊಂದಾಗಿ ಕೈಬಿಡುತ್ತಿವೆ. ಪರದೆಯ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಇದು ಹಳೆಯ ತಂತ್ರಾಂಶಗಳನ್ನು ಓಡಿಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡುತ್ತದೆ.

ಈಗಾಗಲೇ ಬಳಸುತ್ತಿದ್ದರೆ ಬಿಡಬೇಕಾದ ತುರ್ತಿಲ್ಲ. ಹೊಸದಾಗಿ ಶುರು ಮಾಡುವವರು, ಅದರಲ್ಲೂ ಕೆಡಿಇ ಬಳಸುವವರು, ಕಾನ್ವರ್ಸೇಶನ್ ಎಂಬ ಐಆರ್‌ಸಿ ತಂತ್ರಾಂಶವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಗ್ನೋಮ್‌ನವರಿಗೆ ಪೊಲಾರಿ ಇದೆ. ರಸ್ಟ್‌ನಲ್ಲಿ ಬರೆದ ಹ್ಯಾಲಾಯ್ ಹೊಸತು, ಚುರುಕಾಗಿ ಬೆಳೆಯುತ್ತಿದೆ. ಕೆಳಗೆ ಹೇಳಿರುವ ಪೋರ್ಟ್, ಸ್ಯಾಸಲ್, ನಿಕ್‌ಸರ್ವ್, ಬೈಟ್ ಲೆಕ್ಕ ಬಹುಮಟ್ಟಿಗೆ ಇವಕ್ಕೂ ಅನ್ವಯಿಸುತ್ತವೆ. ಬದಲಾಗುವುದು ಮುಖ್ಯವಾಗಿ ಮೆನು.

### ಇನ್‌ಸ್ಟಾಲ್ ಹೇಗೆ?

ಡೆಬಿಯನ್, ಉಬುಂಟುಗಳಲ್ಲಿ `ಸುಡೊ ಆಪ್ಟ್ ಇನ್‌ಸ್ಟಾಲ್ ಹೆಕ್ಸ್‌ಚಾಟ್`, ಫೆಡೋರಾದಲ್ಲಿ `ಡಿಎನ್‌ಎಫ್`, ಫ್ರೀಬಿಎಸ್‌ಡಿಯಲ್ಲಿ `ಪಿಕೆಜಿ ಇನ್‌ಸ್ಟಾಲ್ ಹೆಕ್ಸ್‌ಚಾಟ್`. ನಿಮ್ಮ ಡಿಸ್ಟ್ರೊದ ಹೊಸ ಆವೃತ್ತಿಯಲ್ಲಿ ಪ್ಯಾಕೇಜ್ ಸಿಗದಿದ್ದರೆ ಫ್ಲಾಟ್‌ಹಬ್‌ನಲ್ಲಿ ಹುಡುಕಿ. ಮೂಲ ಕೋಡಿನಿಂದ ಕಟ್ಟುವುದಾದರೆ ಮೆಸನ್ ಮತ್ತು ನಿಂಜಾ ಬೇಕು, ಜಿಟಿಕೆ 2ರ ಡೆವ್ ಪ್ಯಾಕೇಜೂ ಬೇಕು. ಯಾವ ದಾರಿಯಲ್ಲಿ ಹಾಕಿದರೂ ರೂಟ್ ಆಗಿ ಮಾತ್ರ ಓಡಿಸಬೇಡಿ.

### ಮೊದಲ ಸಲ ತೆರೆದಾಗ ಬರುವ ಕಿಟಕಿಯಲ್ಲಿ ಏನೇನು ತುಂಬಬೇಕು?

ಅದು ನೆಟ್‌ವರ್ಕ್ ಲಿಸ್ಟ್. ಮುಂದೆ ಯಾವಾಗ ಬೇಕಾದರೂ ಕಂಟ್ರೋಲ್ ಮತ್ತು ಎಸ್ ಒತ್ತಿ ತೆರೆಯಬಹುದು. ಮೇಲ್ಗಡೆ ನಾಲ್ಕು ಖಾನೆಗಳಿವೆ: ನಿಕ್, ಎರಡನೆಯ ಆಯ್ಕೆ, ಮೂರನೆಯ ಆಯ್ಕೆ, ಯೂಸರ್ ನೇಮ್.

ನಿಕ್ ಅಂದರೆ ಐಆರ್‌ಸಿಯಲ್ಲಿ ನಿಮ್ಮನ್ನು ಕರೆಯುವ ಹೆಸರು. ಅದು ಇಂಗ್ಲಿಷ್ ಅಕ್ಷರಗಳಲ್ಲಿ ಇರಲಿ. ಅಂಕಿಯಿಂದ ಶುರುವಾಗಬಾರದು, ನಡುವೆ ಖಾಲಿ ಜಾಗ ಇರಬಾರದು. ಲಿಬೆರಾದಲ್ಲಿ 16 ಅಕ್ಷರದ ಮಿತಿ ಇದೆ. ಎರಡನೆಯ, ಮೂರನೆಯ ಆಯ್ಕೆಗಳನ್ನು ಖಾಲಿ ಬಿಡಬೇಡಿ. ನಿಮ್ಮ ನಿಕ್ ಬೇರೆಯವರ ಬಳಿ ಇದ್ದರೆ ಹೆಕ್ಸ್‌ಚಾಟ್ ಅವನ್ನೇ ಒಂದೊಂದಾಗಿ ಪ್ರಯತ್ನಿಸುತ್ತದೆ.

ಯೂಸರ್ ನೇಮ್ ಖಾನೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಅಲ್ಲಿ ನಿಮ್ಮ ಯಂತ್ರದ ಲಾಗಿನ್ ಹೆಸರು ತಾನಾಗಿ ಬಂದು ಕೂತಿರುತ್ತದೆ. ಲಾಗಿನ್ ಹೆಸರು ನಿಮ್ಮ ನಿಜವಾದ ಹೆಸರಾಗಿದ್ದರೆ ನಿಮ್ಮ ವಿವರ ಕೇಳುವ `/ಹೂಇಸ್` ಆಜ್ಞೆ ಕೊಟ್ಟ ಯಾರಿಗೂ ಅದು ಕಾಣುತ್ತದೆ. ಬೇಡವೆಂದರೆ ಕನೆಕ್ಟ್ ಆಗುವ ಮೊದಲೇ ಬದಲಿಸಿ.

### ಸರ್ವರ್ ವಿಳಾಸ, ಪೋರ್ಟ್ ಯಾವುದು ಹಾಕಬೇಕು?

ಪಟ್ಟಿಯಲ್ಲಿ ಲಿಬೆರಾ.ಚಾಟ್ ಆರಿಸಿ ಎಡಿಟ್ ಒತ್ತಿ. ಸರ್ವರ್ ಸಾಲಿನಲ್ಲಿ `ಐಆರ್‌ಸಿ.ಲಿಬೆರಾ.ಚಾಟ್/6697` ಇರಲಿ, ಕೆಳಗೆ "ಯೂಸ್ ಎಸ್‌ಎಸ್‌ಎಲ್ ಫಾರ್ ಆಲ್ ದ ಸರ್ವರ್ಸ್" ಗುರುತು ಹಾಕಿ. 6697 ಗೂಢಲಿಪೀಕರಣ ಇರುವ ಬಾಗಿಲು, 6667 ಇಲ್ಲದ ಬಾಗಿಲು. ಗುರುತು ಹಾಕಿ 6667 ಕೊಟ್ಟರೂ, ಗುರುತು ತೆಗೆದು 6697 ಕೊಟ್ಟರೂ ಕೆಲಸ ಕೆಡುತ್ತದೆ. ಎರಡೂ ಜೋಡಿಯಾಗಿಯೇ ಇರಬೇಕು. 6667 ಬಳಸಿದರೆ ಪಾಸ್‌ವರ್ಡ್ ದಾರಿಯುದ್ದಕ್ಕೂ ಬಯಲಲ್ಲಿ ಹೋಗುತ್ತದೆ. ಅದನ್ನು ಮರೆತೇಬಿಡಿ.

ಹಳೆಯ ಮಾರ್ಗದರ್ಶಿಗಳಲ್ಲಿ ಫ್ರೀನೋಡ್‌ನ ವಿಳಾಸ ಇರುತ್ತದೆ. 2021ರ ಮೇ ತಿಂಗಳಲ್ಲಿ ಅಲ್ಲಿನ ಸ್ವಯಂಸೇವಕ ಸಿಬ್ಬಂದಿ ಹೊರಬಂದು ಲಿಬೆರಾ ಕಟ್ಟಿದರು. ಬಹುಪಾಲು ಯೋಜನೆಗಳೂ ಅವರೊಂದಿಗೆ ಬಂದವು. ಹಳೆಯ ವಿಳಾಸ ಬಿಟ್ಟುಬಿಡಿ.

### "ಕನೆಕ್ಷನ್ ಫೇಲ್ಡ್" ಎಂದು ಬಂದು ಪಕ್ಕದಲ್ಲಿ ಸರ್ಟಿಫಿಕೇಟ್ ಬಗ್ಗೆ ಒಂದು ಸಂಖ್ಯೆ ತೋರಿಸುತ್ತದೆ. ಏನದು?

ಆ ಸಂಖ್ಯೆ ಓಪನ್‌ಎಸ್‌ಎಸ್‌ಎಲ್‌ನದು, ಕಾರಣವನ್ನು ನೇರವಾಗಿ ಹೇಳುತ್ತದೆ.

9 ಎಂದರೆ ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ, 10 ಎಂದರೆ ಮುಗಿದುಹೋಗಿದೆ. ಈ ಎರಡು ಬಂದಾಗ ಸರ್ವರನ್ನು ಬೈಯುವ ಮೊದಲು ನಿಮ್ಮ ಗಡಿಯಾರ ನೋಡಿ. ಹಳೆಯ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಿಗಿದಿರುತ್ತದೆ. ಟರ್ಮಿನಲ್‌ನಲ್ಲಿ `ಡೇಟ್` ಕೊಟ್ಟರೆ ಗೊತ್ತಾಗುತ್ತದೆ.

20 ಬಂದರೆ ಸಹಿ ಮಾಡಿದವರ ಗುರುತು ನಿಮ್ಮ ಯಂತ್ರದಲ್ಲಿ ಇಲ್ಲ ಎಂದರ್ಥ. ಸಾಮಾನ್ಯವಾಗಿ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜ್ ಇರುವುದಿಲ್ಲ, ಇಲ್ಲವೇ ತೀರ ಹಳೆಯದಾಗಿರುತ್ತದೆ. 18 ಎಂದರೆ ಸರ್ವರ್ ತನಗೆ ತಾನೇ ಸಹಿ ಹಾಕಿಕೊಂಡಿದೆ. ನಿಮ್ಮದೇ ಜೆಡ್‌ಎನ್‌ಸಿ (ನೀವಿಲ್ಲದಾಗಲೂ ಸಂಪರ್ಕ ಕಾಯುವ ಬೌನ್ಸರ್) ಇಟ್ಟುಕೊಂಡಿದ್ದರೆ ಇದು ಸಹಜ, ಆ ಒಂದು ನೆಟ್‌ವರ್ಕಿಗೆ ಮಾತ್ರ "ಅಕ್ಸೆಪ್ಟ್ ಇನ್‌ವ್ಯಾಲಿಡ್ ಎಸ್‌ಎಸ್‌ಎಲ್ ಸರ್ಟಿಫಿಕೇಟ್ಸ್" ಗುರುತು ಹಾಕಿ. ಲಿಬೆರಾ ಅಥವಾ ಓಎಫ್‌ಟಿಸಿಗೆ 18 ಬಂದರೆ ನಡುವೆ ಯಾರೋ ಕೂತಿದ್ದಾರೆ, ಬಹುಶಃ ನಿಮ್ಮ ಜಾಲದ ಪ್ರಾಕ್ಸಿ. ಅಲ್ಲಿ ಆ ಗುರುತು ಹಾಕಿ ಮುಂದೆ ಹೋಗಬೇಡಿ, ಪಾಸ್‌ವರ್ಡ್ ಅವರ ಕೈಗೆ ಹೋಗುತ್ತದೆ.

### ಮನೆಯಲ್ಲಿ ಸರಿ ಇದೆ, ಕಾಲೇಜು ಅಥವಾ ಆಫೀಸಿನಲ್ಲಿ ಕನೆಕ್ಟ್ ಆಗುವುದೇ ಇಲ್ಲ.

ಫೈರ್‌ವಾಲ್ 6697 ಅನ್ನು ತಡೆದಿರುತ್ತದೆ. ಲಿಬೆರಾ 7000 ಮತ್ತು 7070ರಲ್ಲೂ ಗೂಢಲಿಪೀಕರಣದ ಸಂಪರ್ಕ ಕೊಡುತ್ತದೆ, ಅವನ್ನು ಹಾಕಿ ನೋಡಿ. ಹೆಕ್ಸ್‌ಚಾಟ್‌ನದೇ ತಪ್ಪೇ, ಜಾಲದ್ದೇ ಎಂದು ತಿಳಿಯಲು ಟರ್ಮಿನಲ್‌ನಲ್ಲಿ `ಎನ್‌ಸಿ -ವಿಜೆಡ್ ಐಆರ್‌ಸಿ.ಲಿಬೆರಾ.ಚಾಟ್ 6697` ಕೊಡಿ. ಅದೂ ಉತ್ತರವಿಲ್ಲದೆ ನಿಂತರೆ ದೋಷ ಜಾಲದ್ದು.

### ನಿಕ್ ನೋಂದಾಯಿಸುವುದು ಹೇಗೆ?

ನಿಕ್‌ಗಳ ನೋಂದಣಿ ನೋಡಿಕೊಳ್ಳುವುದು ನಿಕ್‌ಸರ್ವ್ ಎಂಬ, ನೆಟ್‌ವರ್ಕಿನದೇ ಸೇವೆ. ಕನೆಕ್ಟ್ ಆಗಿ, ಸರ್ವರ್ ಟ್ಯಾಬ್‌ನಲ್ಲಿ ನಿಂತು ಹೀಗೆ ಕೊಡಿ: `/ಎಂಎಸ್‌ಜಿ ನಿಕ್‌ಸರ್ವ್ ರಿಜಿಸ್ಟರ್ ಪಾಸ್‌ವರ್ಡ್ ಇಮೇಲ್`. ಕೊನೆಯ ಎರಡರ ಜಾಗದಲ್ಲಿ ನಿಮ್ಮವು ಬರಬೇಕು. ಇಮೇಲಿಗೆ ಒಂದು ಸಾಲು ಬರುತ್ತದೆ, ಅದು ಪೂರಾ ಒಂದು ಆಜ್ಞೆ. ಕಾಪಿ ಮಾಡಿ ಅದೇ ಟ್ಯಾಬ್‌ನಲ್ಲಿ ಅಂಟಿಸಿ ಎಂಟರ್ ಒತ್ತಿ. ಇಮೇಲ್ ಕಾಣದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ. ಈ ದೃಢೀಕರಣ ಮುಗಿಯದೆ ನೋಂದಣಿ ಪೂರ್ತಿಯಾಗುವುದಿಲ್ಲ.

### ಪ್ರತಿ ಸಲ ಪಾಸ್‌ವರ್ಡ್ ಕೊಡಬೇಕೆ? ಸ್ಯಾಸಲ್ ಅಂದರೇನು?

ಕೊಡಬೇಕಿಲ್ಲ. ಸ್ಯಾಸಲ್ ಅಂದರೆ ಸಂಪರ್ಕ ಪೂರ್ತಿಯಾಗುವ ಮೊದಲೇ ಸರ್ವರಿಗೆ ತಾನಾಗಿ ನಿಮ್ಮ ಗುರುತು ಹೇಳುವ ವಿಧಾನ. ನೆಟ್‌ವರ್ಕ್ ಎಡಿಟ್ ಕಿಟಕಿಯಲ್ಲಿ ಲಾಗಿನ್ ಮೆಥಡ್ ಎಂಬ ಪಟ್ಟಿ ಇದೆ. ಅಲ್ಲಿ ಎಸ್, ಎ, ಎಸ್, ಎಲ್ ಎಂಬ ನಾಲ್ಕು ಅಕ್ಷರದ, "ಯೂಸರ್‌ನೇಮ್ ಪ್ಲಸ್ ಪಾಸ್‌ವರ್ಡ್" ಎಂದಿರುವ ಆಯ್ಕೆಯನ್ನು ತೆಗೆದುಕೊಳ್ಳಿ. ಪಾಸ್‌ವರ್ಡ್ ಖಾನೆಯಲ್ಲಿ ನಿಕ್‌ಸರ್ವ್ ಪಾಸ್‌ವರ್ಡ್ ಹಾಕಿ. "ಯೂಸ್ ಗ್ಲೋಬಲ್ ಯೂಸರ್ ಇನ್ಫರ್ಮೇಶನ್" ಗುರುತು ತೆಗೆದು, ಯೂಸರ್ ನೇಮ್‌ನಲ್ಲಿ ನೋಂದಾಯಿಸಿದ ಖಾತೆಯ ಹೆಸರನ್ನೇ ಕೊಡಿ. ಇಲ್ಲಿ ಲಾಗಿನ್ ಹೆಸರು ಉಳಿದುಬಿಟ್ಟಿರುವುದೇ ಸ್ಯಾಸಲ್ ಸೋಲಲು ಅತಿ ಸಾಮಾನ್ಯ ಕಾರಣ.

ಪಟ್ಟಿಯಲ್ಲಿ ನಿಕ್‌ಸರ್ವ್ ಎಂಬ ಇನ್ನೊಂದು ಆಯ್ಕೆಯೂ ಇದೆ, ಅದನ್ನು ಏಕೆ ಬಳಸಬಾರದು ಎಂದು ಕೇಳುತ್ತಾರೆ. ವ್ಯತ್ಯಾಸ ಇರುವುದು ಹೊತ್ತಿನಲ್ಲಿ. ನಿಕ್‌ಸರ್ವ್ ವಿಧಾನದಲ್ಲಿ ನೀವು ಮೊದಲು ಒಳಗೆ ಬರುತ್ತೀರಿ, ಆಮೇಲೆ ಗುರುತು ಹೇಳುತ್ತೀರಿ. ಆ ನಡುವಿನ ಸೆಕೆಂಡುಗಳಲ್ಲೇ ಆಟೋಜಾಯಿನ್ (ನೀವು ಹೇಳಿಟ್ಟ ಚಾನೆಲ್‌ಗಳಿಗೆ ತಾನಾಗಿ ಸೇರಿಸುವ ಏರ್ಪಾಡು) ಚಾನೆಲ್‌ಗಳ ಬಾಗಿಲು ತಟ್ಟಿದರೆ "ಗುರುತು ಇಲ್ಲ" ಎಂದು ಹೊರಗೇ ನಿಲ್ಲಿಸುತ್ತವೆ. ಈ ಕಾರಣಕ್ಕೇ ಹೆಕ್ಸ್‌ಚಾಟ್ ಆಟೋಜಾಯಿನ್‌ಗೆ 5 ಸೆಕೆಂಡು ತಡ ಇಟ್ಟುಕೊಂಡಿದೆ. ಸರ್ವರ್ ನಿಧಾನವಿದ್ದರೆ ಅದೂ ಸಾಲದು. ಸ್ಯಾಸಲ್‌ನಲ್ಲಿ ಹೊಸ್ತಿಲು ದಾಟುವ ಮೊದಲೇ ಗುರುತು ಮುಗಿದಿರುತ್ತದೆ.

### ಪಾಸ್‌ವರ್ಡ್ ಚಾನೆಲ್‌ನಲ್ಲೇ ಬಿದ್ದುಹೋಯಿತು!

ಕೂಡಲೇ `/ಎಂಎಸ್‌ಜಿ ನಿಕ್‌ಸರ್ವ್ ಸೆಟ್ ಪಾಸ್‌ವರ್ಡ್` ಎಂದು ಬರೆದು ಮುಂದೆ ಹೊಸ ಪಾಸ್‌ವರ್ಡ್ ಕೊಡಿ. ಮೊದಲು ಬದಲಿಸಿ, ಮಿಕ್ಕದ್ದು ಆಮೇಲೆ. ಚಾನೆಲ್‌ನಲ್ಲಿ ಬಿದ್ದ ಸಾಲನ್ನು ಅಳಿಸುವ ದಾರಿ ಇಲ್ಲ, ಎಷ್ಟೋ ಚಾನೆಲ್‌ಗಳನ್ನು ಬಾಟ್‌ಗಳು ದಾಖಲಿಸುತ್ತಿರುತ್ತವೆ.

ಹೀಗಾಗುವುದು ಓರೆಗೆರೆಯ ಹಿಂದೆ ಒಂದು ಖಾಲಿ ಜಾಗ ನುಸುಳಿದಾಗ. ಸಾಲಿನ ಮೊದಲ ಅಕ್ಷರವೇ ಓರೆಗೆರೆ ಆಗಿದ್ದರೆ ಮಾತ್ರ ಅದು ಆಜ್ಞೆ. ಪಾಸ್‌ವರ್ಡ್ ಇರುವ ಆಜ್ಞೆಯನ್ನು ಸರ್ವರ್ ಟ್ಯಾಬ್‌ನಲ್ಲಿ ಮಾತ್ರ ಕೊಡುವ ಅಭ್ಯಾಸ ಮಾಡಿಕೊಂಡರೆ ಖಾಲಿ ಜಾಗ ನುಸುಳಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

### ಪಾಸ್‌ವರ್ಡೇ ಇಲ್ಲದೆ ಸರ್ಟಿಫಿಕೇಟಿನಿಂದ ಲಾಗಿನ್ ಆಗಬಹುದಂತೆ?

ಆಗಬಹುದು, ನಮಗೆ ಇದೇ ಹೆಚ್ಚು ಇಷ್ಟ. ಕಾರಣ ಸರಳ: ಹೆಕ್ಸ್‌ಚಾಟ್ ಪಾಸ್‌ವರ್ಡನ್ನು ಸರ್ವ್‌ಲಿಸ್ಟ್.ಕಾನ್ಫ್ ಕಡತದಲ್ಲಿ ಮುಚ್ಚದೆ ಇದ್ದ ಹಾಗೇ ಬರೆದಿಡುತ್ತದೆ.

ಮನೆ ಡೈರೆಕ್ಟರಿಯ `.ಕಾನ್ಫಿಗ್/ಹೆಕ್ಸ್‌ಚಾಟ್` ಒಳಗೆ `ಸರ್ಟ್ಸ್` ಎಂಬ ಡೈರೆಕ್ಟರಿ ಮಾಡಿ, ಅದರೊಳಗೆ ಹೋಗಿ `ಓಪನ್‌ಎಸ್‌ಎಸ್‌ಎಲ್ ರೆಕ್ -ಎಕ್ಸ್509 -ನ್ಯೂಕೀ ಆರ್‌ಎಸ್‌ಎ:4096 -ಶಾ256 -ಡೇಸ್ 1096 -ನೋಡ್ಸ್ -ಔಟ್ ಕ್ಲೈಂಟ್.ಪೆಮ್ -ಕೀಔಟ್ ಕ್ಲೈಂಟ್.ಪೆಮ್` ಕೊಡಿ. ಎರಡೂ ಕಡೆ ಒಂದೇ ಕಡತದ ಹೆಸರು ಇರಬೇಕು, ಕೀಲಿ ಮತ್ತು ಸರ್ಟಿಫಿಕೇಟ್ ಎರಡೂ ಅದರಲ್ಲೇ ಕೂರಬೇಕು. ಆಮೇಲೆ `ಸಿಎಚ್‌ಮಾಡ್ 600`. ಕ್ಲೈಂಟ್.ಪೆಮ್ ಎಂದಿಟ್ಟರೆ ಎಲ್ಲ ನೆಟ್‌ವರ್ಕಿಗೂ ಅದೇ ಹೋಗುತ್ತದೆ. ಒಂದಕ್ಕೆ ಮಾತ್ರ ಸಾಕೆಂದರೆ ಪಟ್ಟಿಯಲ್ಲಿ ನೆಟ್‌ವರ್ಕಿನ ಹೆಸರು ಹೇಗಿದೆಯೋ ಹಾಗೇ, ದೊಡ್ಡಕ್ಷರ ಸಣ್ಣಕ್ಷರ ಸಮೇತ, ಹೆಸರಿಟ್ಟು ಕೊನೆಗೆ `.ಪೆಮ್` ಹಾಕಿ.

ಹಳೆಯ ವಿಧಾನದಲ್ಲೇ ಒಮ್ಮೆ ಲಾಗಿನ್ ಆಗಿ `/ಎಂಎಸ್‌ಜಿ ನಿಕ್‌ಸರ್ವ್ ಸರ್ಟ್ ಆ್ಯಡ್` ಕೊಡಿ. ನಂತರ ಲಾಗಿನ್ ಮೆಥಡ್‌ನಲ್ಲಿ ಸ್ಯಾಸಲ್ ಎಕ್ಸ್‌ಟರ್ನಲ್ ಆರಿಸಿ ಮತ್ತೆ ಕನೆಕ್ಟ್ ಆಗಿ. 1096 ದಿನ, ಅಂದರೆ ಮೂರು ವರ್ಷ ಆದಮೇಲೆ ಹೊಸದು ಮಾಡಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

### ನೆಟ್ ಹೋಗಿ ಬಂದಮೇಲೆ ನನ್ನ ನಿಕ್ "ಈಗಾಗಲೇ ಬಳಕೆಯಲ್ಲಿದೆ" ಅನ್ನುತ್ತದೆ.

ಬಳಸುತ್ತಿರುವುದು ನೀವೇ. ಕರೆಂಟ್ ಹೋದಾಗ ಕಡಿದ ಹಳೆಯ ಸಂಪರ್ಕ ಸತ್ತಿದೆ ಎಂದು ಸರ್ವರಿಗೆ ಇನ್ನೂ ಗೊತ್ತಾಗಿಲ್ಲ. ಕೆಲವು ನಿಮಿಷ ಕಾದರೆ "ಪಿಂಗ್ ಟೈಮ್‌ಔಟ್" ಆಗಿ ಬಿಡುತ್ತದೆ. ಕಾಯಲಾರದವರು `/ಎಂಎಸ್‌ಜಿ ನಿಕ್‌ಸರ್ವ್ ರಿಗೇನ್` ಮುಂದೆ ನಿಕ್ ಹಾಕಿ.

### ಚಾನೆಲ್ ಒಳಗೆ ಬಿಡುತ್ತಿಲ್ಲ.

ಸರ್ವರ್ ಟ್ಯಾಬ್ ಕಾರಣ ಹೇಳಿರುತ್ತದೆ. ಪ್ಲಸ್ ಆರ್ ಎಂದಿದ್ದರೆ ನಿಕ್‌ಸರ್ವ್ ಗುರುತು ಬೇಕು, ಪ್ಲಸ್ ಐ ಎಂದರೆ ಆಹ್ವಾನ ಬೇಕು, ಪ್ಲಸ್ ಕೆ ಎಂದರೆ ಕೀಲಿಪದ, ಪ್ಲಸ್ ಬಿ ಎಂದರೆ ನಿಮ್ಮನ್ನೋ ನಿಮ್ಮ ಐಪಿ ವಲಯವನ್ನೋ ನಿಷೇಧಿಸಿದ್ದಾರೆ. ಹೆಸರಿನಲ್ಲಿ ಹ್ಯಾಶ್ ಒಂದೋ ಎರಡೋ ಎಂಬುದನ್ನೂ ನೋಡಿ. ಲಿಬೆರಾದಲ್ಲಿ ಒಂದು ಹ್ಯಾಶ್ ಯೋಜನೆಗಳ ಅಧಿಕೃತ ಚಾನೆಲ್‌ಗೆ, ಎರಡು ಹ್ಯಾಶ್ ಅನಧಿಕೃತ ವಿಷಯಗಳಿಗೆ. ಎರಡೂ ಬೇರೆ ಬೇರೆ ಕೋಣೆಗಳು.

ಚಾನೆಲ್ ಹುಡುಕಲು `/ಲಿಸ್ಟ್` ಕೊಟ್ಟರೆ ಸಾವಿರಾರು ಸಾಲು ಬಂದು ಸುರಿಯುತ್ತವೆ. ಅದರ ಬದಲು `/ಎಂಎಸ್‌ಜಿ ಅಲಿಸ್ ಲಿಸ್ಟ್` ಮುಂದೆ ಎರಡು ನಕ್ಷತ್ರದ ನಡುವೆ ಹುಡುಕುವ ಪದ ಇಡಿ.

### ಕನ್ನಡ ಅಕ್ಷರಗಳ ಬದಲು ಚೌಕ ಚೌಕ ಕಾಣುತ್ತದೆ.

ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. `ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್` ಕೊಟ್ಟಾಗ ಏನೂ ಬರದಿದ್ದರೆ ಅದು ಖಚಿತ. ಡೆಬಿಯನ್, ಉಬುಂಟುಗಳಲ್ಲಿ `ಫಾಂಟ್ಸ್-ಕೆಎನ್‌ಡಿಎ` ಪ್ಯಾಕೇಜ್ ಹಾಕಿ, ಗುಬ್ಬಿ ಮತ್ತು ನವಿಲು ಎರಡೂ ಬರುತ್ತವೆ. ನೋಟೊ ಸ್ಯಾನ್ಸ್ ಕನ್ನಡ ಬೇಕೆಂದರೆ ನೋಟೊ ಫಾಂಟ್‌ಗಳ ಪ್ಯಾಕೇಜ್. ಹಾಕಿದಮೇಲೆ ಹೆಕ್ಸ್‌ಚಾಟ್ ಮುಚ್ಚಿ ತೆರೆಯಿರಿ.

ಹೆಕ್ಸ್‌ಚಾಟ್‌ನ ಮೂಲ ಫಾಂಟ್ ಮೋನೋಸ್ಪೇಸ್ 9. ಇಂಗ್ಲಿಷಿಗೆ ಅದು ಸಾಕು, ಆದರೆ ನಮ್ಮ ಒತ್ತಕ್ಷರಗಳು ಆ ಅಳತೆಯಲ್ಲಿ ಹಿಸುಕಿಕೊಂಡು ಕಾಣುತ್ತವೆ. ಪ್ರಿಫರೆನ್ಸಸ್‌ನ ಅಪಿಯರೆನ್ಸ್ ಪುಟದಲ್ಲಿ 11 ಅಥವಾ 12ಕ್ಕೆ ಏರಿಸಿ.

### ಬ್ರೌಸರಿನಲ್ಲಿ ಕನ್ನಡ ಟೈಪ್ ಆಗುತ್ತದೆ, ಹೆಕ್ಸ್‌ಚಾಟ್‌ನಲ್ಲಿ ಮಾತ್ರ ಇಂಗ್ಲಿಷೇ ಬರುತ್ತದೆ. ಏಕೆ?

ಇದಕ್ಕೆ ಕಾರಣ ಆ ಹಳೆಯ ಜಿಟಿಕೆ 2. ಕನ್ನಡ ಟೈಪ್ ಮಾಡಿಸುವ ತಂತ್ರಾಂಶ ಐಬಸ್ ಆಗಲಿ ಎಫ್‌ಸಿಐಟಿಎಕ್ಸ್ ಆಗಲಿ, ಒಂದೊಂದು ಜಿಟಿಕೆ ಆವೃತ್ತಿಗೂ ಬೇರೆ ಬೇರೆ ಕೊಂಡಿ ಇಟ್ಟಿರುತ್ತದೆ. ಬ್ರೌಸರಿಗೆ ಬೇಕಾದ ಜಿಟಿಕೆ 3ರ ಕೊಂಡಿ ನಿಮ್ಮಲ್ಲಿದೆ, ಜಿಟಿಕೆ 2ರದು ಇಲ್ಲ. ಡೆಬಿಯನ್ ಬಳಗದಲ್ಲಿ ಐಬಸ್ ಬಳಸುವವರು `ಐಬಸ್-ಜಿಟಿಕೆ` ಹಾಕಬೇಕು, ಹೆಸರಿನ ಕೊನೆಗೆ ಅಂಕಿ ಇಲ್ಲದ್ದು. ಎಫ್‌ಸಿಐಟಿಎಕ್ಸ್5ನವರು `ಎಫ್‌ಸಿಐಟಿಎಕ್ಸ್5-ಫ್ರಂಟ್‌ಎಂಡ್-ಜಿಟಿಕೆ2`. ಆಮೇಲೆ ಲಾಗ್‌ಔಟ್ ಆಗಿ ಬನ್ನಿ. ಆಗಲೂ ಬರದಿದ್ದರೆ ಟೈಪ್ ಮಾಡುವ ಪೆಟ್ಟಿಗೆಯ ಮೇಲೆ ಬಲ ಕ್ಲಿಕ್ ಮಾಡಿ, ಇನ್‌ಪುಟ್ ಮೆಥಡ್ಸ್ ಎಂಬ ಸಾಲು ಕಂಡರೆ ಅದರಲ್ಲಿ ಐಬಸ್ ಆರಿಸಿ.

ಕನ್ನಡ ಕೀಲಿವಿನ್ಯಾಸಗಳು ಎಂ17ಎನ್ ಪ್ಯಾಕೇಜಿನಲ್ಲಿವೆ: ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರೂ ಸಿಗುತ್ತವೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಕೆಜಿಪಿ ಸರಿಹೋಗುತ್ತದೆ.

ಈ ಕೊಂಡಿಗಳ ಗೋಜೇ ಬೇಡವೆಂದರೆ ಇನ್ನೊಂದು ದಾರಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ "ಕನ್ನಡ" ಅಥವಾ "ಕನ್ನಡ, ಕಗಪ ಫೊನೆಟಿಕ್" ಎಂಬ ನೇರ ಲೇಔಟ್ ಸೇರಿಸಿ. ಅದು ವ್ಯವಸ್ಥೆಯದೇ ಕೀಬೋರ್ಡ್ ಜೋಡಣೆಯಾದ ಎಕ್ಸ್‌ಕೆಬಿಯದು, ಐಬಸ್ ಕೊಂಡಿ ಕೇಳುವುದಿಲ್ಲ, ಹಾಗಾಗಿ ಜಿಟಿಕೆ 2ರಲ್ಲೂ ಕೆಲಸ ಮಾಡುತ್ತದೆ.

ಆಜ್ಞೆ ಕೊಡುವ ಮೊದಲು ಲೇಔಟ್ ಇಂಗ್ಲಿಷಿಗೆ ತಿರುಗಿಸಿ. ಕನ್ನಡ ಲಿಪಿಯಲ್ಲಿ ಆಜ್ಞೆ ಬರೆದರೆ ಹೆಕ್ಸ್‌ಚಾಟ್‌ಗೆ ಅದು ಗುರುತು ಸಿಗದೆ ಹಾಗೇ ಸರ್ವರಿಗೆ ದಾಟಿಸುತ್ತದೆ, ಸರ್ವರ್ "ಅನ್‌ನೋನ್ ಕಮಾಂಡ್" ಎನ್ನುತ್ತದೆ. ನಿಕ್‌ನ ಎರಡಕ್ಷರ ಬರೆದು ಟ್ಯಾಬ್ ಒತ್ತಿ ಪೂರ್ತಿ ಮಾಡಿಸಿಕೊಳ್ಳುವುದೂ ಇಂಗ್ಲಿಷ್ ಲೇಔಟ್‌ನಲ್ಲೇ.

### ಕನ್ನಡದಲ್ಲಿ ಸ್ವಲ್ಪ ಉದ್ದ ಬರೆದರೂ ಸಂದೇಶ ಎರಡು ತುಂಡಾಗಿ ಹೋಗುತ್ತದೆ.

ಐಆರ್‌ಸಿಯ ಒಂದು ಸಾಲಿಗೆ 512 ಬೈಟ್ ಮಿತಿ. ಸಾಲಿನ ಕೊನೆಯ ಎರಡು ಬೈಟ್, ನಿಮ್ಮ ನಿಕ್, ವಿಳಾಸ, ಚಾನೆಲ್ ಹೆಸರು ಎಲ್ಲ ಅದರೊಳಗೇ ಬರಬೇಕು. ಮಾತಿಗೆ ಉಳಿಯುವುದು ಸುಮಾರು 420 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್.

ಇಲ್ಲಿ ಸಂಕೇತ ಅಂದರೆ ಕಣ್ಣಿಗೆ ಕಾಣುವ ಅಕ್ಷರ ಅಲ್ಲ. "ಸ್ತ್ರೀ" ಎಂಬುದು ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಇಕಾರ ಎಂದು ಆರು ಸಂಕೇತ, ಒಟ್ಟು 18 ಬೈಟ್. "ಕನ್ನಡ" ಎಂಬ ಪದಕ್ಕೆ ಐದು ಸಂಕೇತ, 15 ಬೈಟ್. ಹಾಗಾಗಿ ಒಂದು ಸಾಲಿನಲ್ಲಿ ಹಿಡಿಯುವುದು ಸುಮಾರು 140 ಸಂಕೇತ, ಎಂದರೆ ಹದಿನೈದಿಪ್ಪತ್ತು ಪದ. ಅದನ್ನು ಮೀರಿದರೆ ಹೆಕ್ಸ್‌ಚಾಟ್ ತಾನೇ ಒಡೆದು ಮುಂದಿನ ಸಾಲಾಗಿ ಕಳಿಸುತ್ತದೆ. ದೋಷವಲ್ಲ. ಒಂದು ವಾಕ್ಯಕ್ಕೆ ಒಂದು ಎಂಟರ್ ಎಂದು ಬರೆದರೆ ಓದುವವರಿಗೂ ಹಿತ.

ಹತ್ತಾರು ಸಾಲಿನ ದೋಷವರದಿಯನ್ನು ನೇರವಾಗಿ ಅಂಟಿಸಬೇಡಿ. ಪ್ರತಿ ಸಾಲೂ ಒಂದೊಂದು ಸಂದೇಶವಾಗಿ ಹೋಗಿ, ಸರ್ವರ್ "ಎಕ್ಸೆಸ್ ಫ್ಲಡ್" ಎಂದು ನಿಮ್ಮನ್ನೇ ಹೊರಹಾಕಬಹುದು. ಪೇಸ್ಟ್‌ಬಿನ್ ತಾಣವೊಂದಕ್ಕೆ ಹಾಕಿ ಕೊಂಡಿ ಕೊಡಿ.

### ಒಬ್ಬರು ಬರೆದ ಕನ್ನಡ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

ಅವರು ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನ ಪಠ್ಯ ಅಂಟಿಸಿದ್ದಾರೆ. ಆ ಪಠ್ಯದಲ್ಲಿ ಇರುವುದೇ ಇಂಗ್ಲಿಷ್ ಸಂಕೇತಗಳು, ಫಾಂಟ್ ಅದಕ್ಕೆ ಕನ್ನಡದ ಮುಖವಾಡ ತೊಡಿಸಿರುತ್ತದೆ. ಯುನಿಕೋಡಿಗೆ ಬದಲಿಸಿ ಕಳಿಸಲು ಹೇಳಿ. ಎಲ್ಲರ ಕನ್ನಡವೂ ಕೆಟ್ಟು ಕಂಡರೆ ನಿಮ್ಮ ನೆಟ್‌ವರ್ಕ್ ಎಡಿಟ್ ಕಿಟಕಿಯ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಇದೆಯೇ ನೋಡಿ.

### ಬಂದವರು ಹೋದವರ ಸಾಲುಗಳಲ್ಲಿ ಮಾತೇ ಮುಳುಗಿಹೋಗುತ್ತದೆ.

`/ಸೆಟ್ ಐಆರ್‌ಸಿ_ಕಾನ್ಫ್_ಮೋಡ್ 1` ಕೊಡಿ, ಆ ಸಾಲುಗಳು ಅಡಗುತ್ತವೆ. ಹೆಚ್ಚು ಜನರಿರುವ ಚಾನೆಲ್‌ಗಳಲ್ಲಿ ಇದು ಇಲ್ಲದೆ ಓದುವುದು ಕಷ್ಟ.

### ಮೆನು ಪಟ್ಟಿ ಮಾಯವಾಗಿದೆ. ಕೆಲವೊಮ್ಮೆ ಇಡೀ ಕಿಟಕಿಯೇ ಮಾಯ.

ಮೆನುವಿಗೆ ಎಫ್9 ಒತ್ತಿ. ತಿಳಿಯದೆ ಅದೇ ಕೀಲಿ ಒತ್ತಿದ್ದರಿಂದ ಅಡಗಿರುತ್ತದೆ.

ಕಿಟಕಿ ಮಾಯವಾಗುವುದು ಗ್ನೋಮ್‌ನಲ್ಲಿ. ಹೆಕ್ಸ್‌ಚಾಟ್ ಟ್ರೇಗೆ ಇಳಿಯುತ್ತದೆ, ಗ್ನೋಮ್‌ನಲ್ಲಿ ಟ್ರೇ ಇರುವುದಿಲ್ಲ. ಟರ್ಮಿನಲ್‌ನಲ್ಲಿ `ಹೆಕ್ಸ್‌ಚಾಟ್ -ಇ -ಸಿ "ಗುಯಿ ಶೋ"` ಕೊಟ್ಟರೆ ಓಡುತ್ತಿರುವುದೇ ಎದ್ದು ಬರುತ್ತದೆ. ಗುಯಿ ಎಂದರೆ ಜಿ, ಯು, ಐ. ನಂತರ ಪ್ರಿಫರೆನ್ಸಸ್‌ನಲ್ಲಿ ಟ್ರೇ ಆಯ್ಕೆ ತೆಗೆದುಬಿಡಿ.

### ನನ್ನ ಐಪಿ ಎಲ್ಲರಿಗೂ ಕಾಣುತ್ತದೆಯೇ?

ಹೌದು. ಚಾನೆಲ್‌ಗೆ ಸೇರಿದ ಕ್ಷಣದಲ್ಲೇ ವಿಳಾಸವೂ ಪ್ರಕಟವಾಗುತ್ತದೆ. ಲಿಬೆರಾದಲ್ಲಿ ನೋಂದಾಯಿತ ಖಾತೆಗೆ ಕ್ಲೋಕ್ ಎಂಬ ಮುಸುಕು ಕೊಡುತ್ತಾರೆ. `#ಲಿಬೆರಾ-ಕ್ಲೋಕ್` ಚಾನೆಲ್‌ಗೆ ಹೋಗಿ `!ಕ್ಲೋಕ್‌ಮಿ` ಎಂದು ಬರೆಯಿರಿ. ಮುಸುಕು ಸಿಕ್ಕಮೇಲೂ ಸ್ಯಾಸಲ್ ಇಲ್ಲದೆ ಬಂದರೆ ಗುರುತು ಹೇಳುವ ಮೊದಲಿನ ಕೆಲವು ಸೆಕೆಂಡು ಐಪಿ ಬಯಲಾಗುತ್ತದೆ. ಸ್ಯಾಸಲ್ ಇರಲಿ ಎನ್ನಲು ಇದು ಎರಡನೆಯ ಕಾರಣ.

### ಕಡತ ಕಳಿಸಲು ಹೋದರೆ ಡಿಸಿಸಿ ಶುರುವಾಗುವುದೇ ಇಲ್ಲ.

ಡಿಸಿಸಿಯಲ್ಲಿ ಎದುರಿನವರ ಯಂತ್ರ ನಿಮ್ಮ ಯಂತ್ರಕ್ಕೆ ನೇರ ಬಂದು ಸೇರಬೇಕು. ಮೊಬೈಲ್ ಇಂಟರ್ನೆಟ್ಟಿನಲ್ಲಿ ನಿಮಗೆ ನಿಮ್ಮದೇ ಸಾರ್ವಜನಿಕ ಐಪಿವಿ4 ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ, ಮನೆಯ ರೌಟರ್ ಹಿಂದೆಯೂ ಪೋರ್ಟ್ ತೆರೆಯದೆ ಆಗುವುದಿಲ್ಲ. ಹೆಣಗಾಡುವ ಬದಲು ಬೇರೆ ದಾರಿಯಲ್ಲಿ ಕಳಿಸಿ. ಗುರುತಿಲ್ಲದವರು ಕಳಿಸುವ ಡಿಸಿಸಿಯನ್ನು ಒಪ್ಪಿಕೊಳ್ಳಲೂ ಬೇಡಿ.

### ನಾನು ಇಲ್ಲದಾಗ ನಡೆದ ಮಾತು ಓದುವುದು ಹೇಗೆ?

ಹೆಕ್ಸ್‌ಚಾಟ್ ಮುಚ್ಚಿದ್ದರೆ ಏನೂ ಬರುವುದಿಲ್ಲ. ಐಆರ್‌ಸಿ ಸರ್ವರ್ ಮಾತನ್ನು ಕೂಡಿಡುವುದಿಲ್ಲ. ನೀವು ಇದ್ದಾಗಿನದು ಉಳಿಯಲು ಪ್ರಿಫರೆನ್ಸಸ್‌ನ ಲಾಗಿಂಗ್ ಪುಟದಲ್ಲಿ ಗುರುತು ಹಾಕಿ, ಕಡತಗಳು ಹೆಕ್ಸ್‌ಚಾಟ್ ಡೈರೆಕ್ಟರಿಯ `ಲಾಗ್ಸ್` ಒಳಗೆ ನೆಟ್‌ವರ್ಕ್‌ಗೊಂದು, ಚಾನೆಲ್‌ಗೊಂದು ಎಂದು ಬೀಳುತ್ತವೆ.

ಇಲ್ಲದಾಗಿನದೂ ಬೇಕೆಂದರೆ ಸದಾ ಓಡುವ ಯಂತ್ರದಲ್ಲಿ ಬೌನ್ಸರ್ ಇಡಬೇಕು. ಜೆಡ್‌ಎನ್‌ಸಿ ಹಳೆಯದು, ನಂಬಿಕಸ್ಥ. `ಜೆಡ್‌ಎನ್‌ಸಿ --ಮೇಕ್‌ಕಾನ್ಫ್` ಕೇಳುವ ಪ್ರಶ್ನೆಗಳಿಗೆ ಉತ್ತರಿಸಿ, ಹೆಕ್ಸ್‌ಚಾಟ್‌ನಲ್ಲಿ ಹೊಸ ನೆಟ್‌ವರ್ಕ್ ಮಾಡಿ ಅದರ ವಿಳಾಸ ಮತ್ತು ಪೋರ್ಟ್ ಹಾಕಿ. ಲಾಗಿನ್ ಮೆಥಡ್ "ಸರ್ವರ್ ಪಾಸ್‌ವರ್ಡ್" ಇರಲಿ. ಪಾಸ್‌ವರ್ಡ್ ಖಾನೆಯಲ್ಲಿ `ಬಳಕೆದಾರ/ನೆಟ್‌ವರ್ಕ್:ಪಾಸ್‌ವರ್ಡ್` ಎಂಬ ಕ್ರಮದಲ್ಲಿ ಮೂರೂ ಬರಬೇಕು. ನಡುವಿನ ನೆಟ್‌ವರ್ಕ್ ಹೆಸರು ಬಿಟ್ಟು, "ಸೇರಿದೆ ಆದರೆ ಚಾನೆಲ್‌ಗಳೇ ಇಲ್ಲ" ಎನ್ನುವವರು ಬಹಳ. ನಿಕ್‌ಸರ್ವ್ ಗುರುತು ಈಗ ಜೆಡ್‌ಎನ್‌ಸಿಯ ಕೆಲಸ, ಅದರ ಸ್ಯಾಸಲ್ ಮಾಡ್ಯೂಲಿಗೆ ಕೊಡಿ.

### ಸ್ಕ್ರಿಪ್ಟ್‌ಗಳನ್ನು ಹಾಕಬಹುದೆ?

ಪೈಥಾನ್, ಪರ್ಲ್, ಲುವಾ ಮೂರರಲ್ಲೂ ಬರೆಯಬಹುದು. `ಆ್ಯಡ್‌ಆನ್ಸ್` ಡೈರೆಕ್ಟರಿಯಲ್ಲಿಟ್ಟರೆ ಪ್ರತಿ ಸಲ ತಾನಾಗಿ ಏರುತ್ತದೆ. ಸ್ಕ್ರಿಪ್ಟ್‌ಗೆ ನಿಮ್ಮ ಖಾತೆಯ ಪೂರ್ತಿ ಅಧಿಕಾರ ಇರುತ್ತದೆ, ಓದದೆ ಹಾಕಬೇಡಿ. ಹಾಗೆಯೇ `/ಎಕ್ಸೆಕ್` ಎಂಬ ಆಜ್ಞೆ ಶೆಲ್‌ನಲ್ಲಿ ಕೆಲಸ ಮಾಡುತ್ತದೆ, `-ಓ` ಸೇರಿಸಿದರೆ ಅದರ ಉತ್ತರ ಚಾನೆಲ್‌ಗೇ ಹೋಗುತ್ತದೆ. "ಇದನ್ನು ಅಂಟಿಸಿ ನೋಡು" ಎಂದು ಯಾರಾದರೂ ಕೊಟ್ಟ ಸಾಲಿನಲ್ಲಿ ಈ ಪದ ಇದ್ದರೆ ಅಂಟಿಸಬೇಡಿ.

### ಎಲ್ಲ ಸೆಟ್ಟಿಂಗ್ ಕೆಟ್ಟುಹೋಗಿದೆ ಅನಿಸುತ್ತದೆ. ಮೊದಲಿಂದ ಶುರು ಮಾಡಲೇ?

ಅಳಿಸುವ ಮೊದಲು `ಹೆಕ್ಸ್‌ಚಾಟ್ -ಡಿ /ಟಿಎಂಪಿ/ಪರೀಕ್ಷೆ` ಎಂದು ಓಡಿಸಿ, ಕೊನೆಯ ಹೆಸರು ನಿಮ್ಮಿಷ್ಟ. ಖಾಲಿ ಸೆಟ್ಟಿಂಗ್‌ನೊಂದಿಗೆ ಇನ್ನೊಂದು ಹೆಕ್ಸ್‌ಚಾಟ್ ತೆರೆಯುತ್ತದೆ. ಅಲ್ಲೂ ಅದೇ ತೊಂದರೆ ಬಂದರೆ ಸೆಟ್ಟಿಂಗ್‌ನ ತಪ್ಪಲ್ಲ.

ಹೊಸ ಯಂತ್ರಕ್ಕೆ ಹೋಗುವಾಗ `.ಕಾನ್ಫಿಗ್/ಹೆಕ್ಸ್‌ಚಾಟ್` ಪೂರ್ತಿ ಕಾಪಿ ಮಾಡಿದರೆ ಸಾಕು. ಫ್ಲಾಟ್‌ಪ್ಯಾಕ್‌ನಲ್ಲಿ ಅದು ಮನೆಯ `.ವಾರ್/ಆ್ಯಪ್` ಒಳಗಿನ ಹೆಕ್ಸ್‌ಚಾಟ್ ಡೈರೆಕ್ಟರಿಯಲ್ಲಿದೆ. ಕಡತಗಳನ್ನು ಕೈಯಿಂದ ತಿದ್ದುವಾಗ ಹೆಕ್ಸ್‌ಚಾಟ್ ಮುಚ್ಚಿರಲಿ, ಇಲ್ಲದಿದ್ದರೆ ಅದು ಮುಚ್ಚುವಾಗ ನಿಮ್ಮ ತಿದ್ದುಪಡಿಯ ಮೇಲೆ ತನ್ನದನ್ನೇ ಬರೆಯುತ್ತದೆ.

### ಪ್ರಶ್ನೆ ಕೇಳಿದೆ, ಯಾರೂ ಉತ್ತರಿಸಲಿಲ್ಲ.

"ಯಾರಾದರೂ ಇದ್ದೀರಾ, ಒಂದು ಪ್ರಶ್ನೆ ಕೇಳಬಹುದೆ" ಎಂದು ಕಾಯಬೇಡಿ. ಯಂತ್ರ, ಆವೃತ್ತಿ, ಮಾಡಿದ್ದೇನು, ಬಂದ ದೋಷದ ಸಾಲು, ಇಷ್ಟನ್ನೂ ಒಂದೇ ಸಂದೇಶದಲ್ಲಿ ನೇರ ಕೇಳಿ. ಪಟ್ಟಿಯಲ್ಲಿ ನೂರಾರು ನಿಕ್ ಕಂಡರೂ ಹೆಚ್ಚಿನವು ಬೌನ್ಸರ್‌ಗಳು, ಅವುಗಳ ಒಡೆಯರು ಮಲಗಿರುತ್ತಾರೆ. ಬೆಂಗಳೂರಿನಲ್ಲಿ ಬೆಳಿಗ್ಗೆ 9 ಆದಾಗ ಲಂಡನ್ನಿನಲ್ಲಿ ಚಳಿಗಾಲದಲ್ಲಿ 3.30, ಬೇಸಿಗೆಯಲ್ಲಿ 4.30. ಸಂಜೆ 7ರ ನಂತರ ಕೇಳಿದರೆ ಯುರೋಪು ಎಚ್ಚರವಿರುತ್ತದೆ, ಅಮೆರಿಕ ಏಳುತ್ತಿರುತ್ತದೆ. ಕೇಳಿ ಹತ್ತು ನಿಮಿಷಕ್ಕೆ ಹೊರಟುಹೋಗಬೇಡಿ. ಎರಡು ಗಂಟೆ ಬಿಟ್ಟು ಉತ್ತರ ಕೊಡಲು ಬಂದವರಿಗೆ ನಿಮ್ಮ ನಿಕ್ ಪಟ್ಟಿಯಲ್ಲಿ ಕಾಣಬೇಕು.